ಕಾಲು ಕೊಡವ್ವ

ಸೋಮವಾರಪೇಟೆಯಲ್ಲಿ ಕುದುರೆ ಚಿತ್ರಕ್ಕೆ ಗಿರಾಕಿಗಳಿದ್ದಾರೆ, ಕುದುರೆಗಳಿಲ್ಲ. ಡ್ರಾಯಿಂಗ್ ಟೀಚರ್ ಕೆಲಸದಿಂದ ನಿವೃತ್ತಳಾದ ಮೇಲೆ ನನ್ನ ಹತ್ತಿರ ದುಡ್ಡು ಕೊಟ್ಟು ಚಿತ್ರ ಬರೆಸಿಕೊಂಡವರಲ್ಲಿ ಹೆಚ್ಚಿನವರು ಕೇಳಿದ್ದು ಒಂದೇ ಚಿತ್ರ: ಏಳು ಬಿಳಿ ಕುದುರೆಗಳು ನೀರು ಚಿಮ್ಮಿಸಿಕೊಂಡು ಓಡಿಬರುತ್ತಿರಬೇಕು. ವಾಸ್ತು ಹೇಳುವವರು ಅದಕ್ಕೆ ಕಟ್ಟುಪಾಡುಗಳನ್ನೂ ಮಾಡಿಟ್ಟಿದ್ದಾರೆ. ಏಳೇ ಇರಬೇಕು. ಮುಖ ಅಂಗಡಿಯ ಒಳಕ್ಕೆ ತಿರುಗಿರಬೇಕು. ಬಾಗಿಲ ಕಡೆ ತಿರುಗಿದರೆ ಬಂದ ದುಡ್ಡು ಹಾಗೇ ಹೊರಟುಹೋಗುತ್ತದಂತೆ. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಕುದುರೆಗೂ ಲಗಾಮು ಇರಕೂಡದು. ಮೆಣಸಿನ ವ್ಯಾಪಾರ ಮಾಡುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, "ಟೀಚರ್, ಹಗ್ಗ ಗಿಗ್ಗ ಏನೂ ಬೇಡ, ಫ್ರೀಯಾಗಿ ಓಡ್ತಿರ್ಲಿ" ಎಂದು ಒತ್ತಿ ಹೇಳಿ ಹೋದ. ಬರೆದುಕೊಟ್ಟೆ. ಕುದುರೆಯನ್ನು ಮುಟ್ಟಿಯೇ ನೋಡದವರೂ ಬರೆಯಬಹುದಾದ ಕುದುರೆಗಳು ಅವು. ಮೈಯಲ್ಲಿ ಬೆವರಿಲ್ಲ, ಗೊರಸಿಗೆ ಕೆಸರಿಲ್ಲ, ಯಾರೂ ಅವಕ್ಕೆ ಹುರುಳಿ ನೆನೆಹಾಕಬೇಕಿಲ್ಲ.

ನಿಜವಾದ ಕುದುರೆ ನಮ್ಮೂರಿಗೆ ಒಗ್ಗುವ ಪ್ರಾಣಿಯಲ್ಲ. ಪುಷ್ಪಗಿರಿ ತಪ್ಪಲಿನ ಮಳೆ ಜೂನ್‌ನಲ್ಲಿ ಹಿಡಿಯಿತೆಂದರೆ ಸೆಪ್ಟೆಂಬರ್ ಬಂದರೂ ನೆಲ ಒಣಗುವುದಿಲ್ಲ. ಬಯಲಿನಲ್ಲಿ ಓಡಲು ಹುಟ್ಟಿದ ಕಾಲು ಇಲ್ಲಿ ಕೆಸರಿನಲ್ಲಿ ನಿಂತು ಕೊಳೆಯುತ್ತದೆ. ಕಾಫಿ ತೋಟ ಮಾಡಲು ಬಂದ ಬಿಳಿಯ ದೊರೆಗಳು ತಟ್ಟು ಏರಿ ತೋಟ ಸುತ್ತುತ್ತಿದ್ದರು, ನಿಜ. ಆದರೆ ಊರಿಗೆ ಹೆಸರು ಕೊಟ್ಟ ಸೋಮವಾರದ ಸಂತೆಗೆ ಸಾಮಾನು ತಂದದ್ದು ಎತ್ತು. ನಮ್ಮ ಅಜ್ಜನ ಕಾಲದವರಿಗೆ ಎತ್ತಿನ ಕಾಲಿಗೆ ಲಾಳ ಕಟ್ಟುವುದು ಗೊತ್ತಿತ್ತು. ಕುದುರೆ ಮೈ ತಿಕ್ಕುವುದು ಗೊತ್ತಿರಲಿಲ್ಲ.

ಹೀಗಿರುವಾಗ ಊರಾಚೆಯ ಒಂದು ಹೋಂಸ್ಟೇಗೆ ಹೆಣ್ಣು ಕುದುರೆಯೊಂದು ಬಂತು. ಕಂದು ಮೈ, ಹಣೆಯ ಮೇಲೆ ಬಿಳಿ ಚುಕ್ಕಿ. ಎಲ್ಲೋ ಪ್ರವಾಸಿಗರ ಜಾಗದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಸುತ್ತು ಹಾಕಿ ಹಾಕಿ ಸವೆದ ಕುದುರೆ. ಇಲ್ಲಿಯೂ ಅದೇ ಕೆಲಸ, ಶನಿವಾರ ಭಾನುವಾರ ಮಾತ್ರ. ನೋಡಿಕೊಳ್ಳಲು ತೋಟದ ಕೆಲಸಗಾರರ ಲೈನ್‌ಮನೆಯ ಒಬ್ಬ ಹಿರಿಯ ಆಳು. ಪ್ರಾಯದಲ್ಲಿ ಎತ್ತಿನ ಗಾಡಿ ಹೊಡೆದವನು, ಕುದುರೆ ಅವನಿಗೂ ಹೊಸದು. ಅವರಿಬ್ಬರನ್ನು ಬರೆಯಲು ನಾನು ರಟ್ಟಿನ ಹಲಗೆ, ಪೆನ್ಸಿಲು ಹಿಡಿದು ಹೋಗತೊಡಗಿದೆ. ಬಣ್ಣ ಹಚ್ಚುವುದು ಮನೆಗೆ ಬಂದ ಮೇಲೆ. ಮಳೆಗಾಲದಲ್ಲಿ ಆ ಕೊಟ್ಟಿಗೆಯಲ್ಲಿ ಜಲವರ್ಣ ಒಣಗುವುದಿಲ್ಲ, ಹಾಳೆಗೇ ಬೂಷ್ಟು ಹಿಡಿಯುತ್ತದೆ.

ಅವನು ಎಂದೂ ಎದುರಿನಿಂದ ಬರುವುದಿಲ್ಲ, ಹಿಂದಿನಿಂದಂತೂ ಇಲ್ಲ. ಕುದುರೆಯ ಕಣ್ಣು ತಲೆಯ ಎರಡು ಪಕ್ಕದಲ್ಲಿರುವುದರಿಂದ ಸುತ್ತಲಿನದೆಲ್ಲ ಅದಕ್ಕೆ ಕಾಣುತ್ತದೆ. ತನ್ನ ಹಣೆಯ ನೇರ ಮುಂದಿನದು, ಬಾಲದ ನೇರ ಹಿಂದಿನದು ಮಾತ್ರ ಕಾಣುವುದಿಲ್ಲ. ಅವನು ಭುಜದ ಕಡೆಯಿಂದ ಬಂದು ಕುತ್ತಿಗೆಯ ಮೇಲೆ ಕೈ ಇಡುತ್ತಾನೆ. ಆ ಮೇಲೆ ಕೈ ತೆಗೆಯುವುದೇ ಇಲ್ಲ, ಮೈಮೇಲೆ ಜಾರಿಸಿಕೊಂಡೇ ಹಿಂದಕ್ಕೆ ಹೋಗುತ್ತಾನೆ. ಒಣಗಿದ ಕೆಸರನ್ನು ತೆಂಗಿನ ನಾರಿನಿಂದ ಬಿಡಿಸುತ್ತಾನೆ, ಬ್ರಷ್ಷಿನಿಂದ ಧೂಳು ತೆಗೆಯುತ್ತಾನೆ, ಗೋಣಿತಾಟಿನಿಂದ ಒರೆಸುತ್ತಾನೆ. ಕಣ್ಣಿನ ಮೂಲೆಗೆ ಬೇರೆ ಬಟ್ಟೆ. ಎಲ್ಲ ಆದ ಮೇಲೆ ಬಗ್ಗಿ ಮೊಣಕಾಲಿನ ಕೆಳಗೆ ತಟ್ಟಿ, "ಕಾಲು ಕೊಡವ್ವ" ಎನ್ನುತ್ತಾನೆ. ಕೊಡುತ್ತದೆ. ಗೊರಸಿನ ಅಡಿಯಲ್ಲಿ ಮೂರು ಮೂಲೆಯ ಮೆತ್ತನೆಯ ಭಾಗವೊಂದಿದೆ. ಅದರ ಎರಡೂ ಪಕ್ಕದ ಸಂದಿಯಲ್ಲಿ ಕೆಸರು, ಸಗಣಿ ಸೇರಿ ಕಪ್ಪಾಗಿ ಕೊಳೆತು ನಾರುತ್ತದೆ. ಅದನ್ನು ಮೊಂಡು ಕೊಕ್ಕೆಯಿಂದ ಕೆರೆದು ತೆಗೆದು, ತೊಳೆದು, ಒಣಗಿಸಿ, ಮೈಲುತುತ್ತದ ನೀರು ಹಚ್ಚುತ್ತಾನೆ. ಕಾಫಿಗೆ ಕೊಳೆರೋಗ ಬಾರದಿರಲೆಂದು ಸುಣ್ಣದ ಜೊತೆ ಬೆರೆಸಿ ಹೊಡೆಯುತ್ತೇವಲ್ಲ, ಅದೇ ಮೈಲುತುತ್ತ. ಪಶುವೈದ್ಯರು ಅಳತೆ ಹೇಳಿಕೊಟ್ಟಿದ್ದರು. ಕೊಡಗಿನಲ್ಲಿ ಗಿಡಕ್ಕೂ ಕುದುರೆಗೂ ಮಳೆ ಕೊಡುವ ಕಾಯಿಲೆ ಒಂದೇ.

ಬರೆಯುವವಳಿಗೆ ಕಷ್ಟ ಕೊಟ್ಟದ್ದು ಗೊರಸಲ್ಲ, ಭಾರ. ಒಂದು ಕಾಲು ಎತ್ತಿದ ಕುದುರೆ ಮೂರು ಕಾಲಿನ ಮೇಲೆ ನಿಲ್ಲಬೇಕು. ಸ್ವಲ್ಪ ಹೊತ್ತಾದ ಮೇಲೆ ಅದು ಸೋಮಾರಿಯಾಗಿ ಮೈಭಾರದ ಒಂದು ಪಾಲನ್ನು ಕಾಲು ಹಿಡಿದವನ ಮೇಲೆಯೇ ಹಾಕುತ್ತದೆ. ಅವನ ಸೊಂಟ ನೋಯುತ್ತದೆ, ಬೈಯುತ್ತಾನೆ, ಹೆಗಲಿನಿಂದ ನೂಕುತ್ತಾನೆ. ಈ ಒರಗುವಿಕೆ ಚಿತ್ರದಲ್ಲಿ ಬರದಿದ್ದರೆ ಮನುಷ್ಯ, ಕುದುರೆ ಇಬ್ಬರೂ ಫೋಟೋ ಸ್ಟುಡಿಯೋದಲ್ಲಿ ನಿಂತವರ ಹಾಗೆ ಕಾಣುತ್ತಾರೆ. ಬಹಳ ಹಾಳೆ ಹರಿದೆ.

ಕೊನೆಗೆ ಒಂದು ಚಿತ್ರ ಸರಿಬಂತು ಅನ್ನಿಸಿ ಗೋಡೆಗೆ ಒರಗಿಸಿಟ್ಟಿದ್ದಾಗ ಶನಿವಾರಸಂತೆಯಿಂದ ಅಕ್ಕ, ಭಾವ, ಅವರ ಮಗಳು ಬಂದರು. ಭಾವನವರು ನಿತ್ಯ ಇಷ್ಟಲಿಂಗ ಪೂಜೆ ತಪ್ಪಿಸದವರು. ಚಿತ್ರದ ಮುಂದೆ ಒಂದಷ್ಟು ಹೊತ್ತು ನಿಂತರು.

"ಏನಮ್ಮಾ ಇದು? ಲಿಂಗಪೂಜೆಗೆ ಕೂತಂಗೆ ಬರ್ದಿದೀಯಲ್ಲ. ಕುದ್ರೆ ಗೊರಸನ್ನ ಕರಸ್ಥಲದಲ್ಲಿ ಇಡೋದಾ?"

ನೋಡಿದರೆ ಹೌದು. ಎಡಗೈಯ ಅಂಗೈ ಮೇಲೆ ಗೊರಸು, ಬಗ್ಗಿದ ತಲೆ, ಅಂಗೈಯಲ್ಲೇ ನೆಟ್ಟ ದೃಷ್ಟಿ, ಬಲಗೈಯಲ್ಲಿ ಕೆಲಸ. ಬೆಂಗಳೂರಿನಲ್ಲಿ ಓದುವ ಅವರ ಮಗಳು ತಂದೆಯ ಮಾತನ್ನೇ ಹಿಡಿದುಕೊಂಡು, "ಅದೇ ಅಲ್ವಾ ಚೆನ್ನಾಗಿರೋದು ಚಿಕ್ಕಮ್ಮ, ಸೇವೇನೇ ಪೂಜೆ" ಎಂದಳು. ಅಪ್ಪನಿಗೆ ಅದು ಲಿಂಗಪೂಜೆಯ ಹಾಗೆ ಕಂಡು ಸಿಟ್ಟು, ಮಗಳಿಗೆ ಅದು ಲಿಂಗಪೂಜೆಯ ಹಾಗೆ ಕಂಡು ಸಂತೋಷ. ಅಕ್ಕ ಕಾಫಿ ಆರುತ್ತದೆ ಎಂದಳು.

ನನಗೆ ಇಬ್ಬರ ಮಾತೂ ಹಿಡಿಸಲಿಲ್ಲ. ಯಾಕೆ ಹಿಡಿಸಲಿಲ್ಲ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಪೂಜೆ ನನಗಿಂತ ದೊಡ್ಡದರ ಕಡೆಗೆ ಹೋಗುತ್ತದೆ. ಆರೈಕೆ ನನ್ನ ಕೈಕೆಳಗೆ ಸಿಕ್ಕಿಕೊಂಡಿರುವುದರ ಕಡೆಗೆ. ಭಾವನವರು ಒಂದು ದಿನ ಪೂಜೆ ತಪ್ಪಿಸಿದರೆ ನಷ್ಟ ಭಾವನವರಿಗೆ. ಲಿಂಗಕ್ಕೆ ಏನೂ ಆಗುವುದಿಲ್ಲ, ಹಾಗೆಂದು ನಮಗೆ ಕಲಿಸಿದವರೂ ಅವರೇ. ಆ ಆಳು ನಾಲ್ಕು ದಿನ ಗೊರಸು ನೋಡದಿದ್ದರೆ ನಷ್ಟ ಕುದುರೆಗೆ. ಲಿಂಗವನ್ನು ಯಾರೂ ಕಂಬಕ್ಕೆ ಕಟ್ಟಿಲ್ಲ. ಈ ಕುದುರೆಯನ್ನು ಕಟ್ಟಿದ್ದೇವೆ. ಕಟ್ಟದೆ ಇದ್ದಿದ್ದರೆ ಅದು ಒಣ ನೆಲ ಹುಡುಕಿಕೊಂಡು ಹೋಗುತ್ತಿತ್ತು, ಹತ್ತಾರು ಮೈಲಿ ನಡೆದು ತನ್ನ ಗೊರಸನ್ನು ತಾನೇ ಸವೆಸಿ ಸರಿಮಾಡಿಕೊಳ್ಳುತ್ತಿತ್ತು. ಕಾಡುಕುದುರೆಗೆ ಕೊಕ್ಕೆ ಬೇಡ, ಲಾಳ ಬೇಡ, ಮೈಲುತುತ್ತ ಬೇಡ. ಅದರ ಕಾಲು ಕೊಳೆಯುವ ಹಾಗೆ ಮಾಡಿದ್ದು ನಾವು, ತೊಳೆಯುವುದೂ ನಾವು. ಇಂಥ ತೊಳೆಯುವಿಕೆಗೆ ಪೂಜೆ ಅಂತ ಹೆಸರಿಟ್ಟರೆ ತೊಳೆದವನ ಖಾತೆಗೆ ಪುಣ್ಯ ಜಮೆಯಾಗುತ್ತದೆ, ಕಟ್ಟಿದ ಲೆಕ್ಕ ಅಳಿಸಿಹೋಗುತ್ತದೆ. ನನ್ನ ತಕರಾರು ಇಷ್ಟೇ.

ಪ್ರಾಣಿಯನ್ನು ಪೂಜಿಸುವುದರಿಂದ ಪ್ರಾಣಿಗೆ ಒಳ್ಳೆಯದಾಗುತ್ತದೆ ಎಂಬ ಖಾತ್ರಿಯೂ ಇಲ್ಲ. ನಮ್ಮ ಪರಂಪರೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಉಪಚಾರ ಪಡೆದ ಕುದುರೆ ಯಾವುದು? ಅಶ್ವಮೇಧದ ಕುದುರೆ. ವರ್ಷವೊಂದು ಅದು ಹೋದ ಕಡೆ ಹೋಗಬಹುದು, ಅದನ್ನು ತಡೆದವನ ಮೇಲೆ ಯುದ್ಧ. ವಾಪಸು ಬಂದಾಗ ರಾಣಿಯರೇ ಅದರ ಮೈಗೆ ತುಪ್ಪ ಸವರುತ್ತಾರೆ, ಜೂಲಿಗೆ ಬಾಲಕ್ಕೆ ಮಣಿ ಪೋಣಿಸುತ್ತಾರೆ ಎಂದು ಶತಪಥ ಬ್ರಾಹ್ಮಣದಲ್ಲಿ ವಿವರವಾಗಿ ಇದೆ. ಬರೆದರೆ ಎಂಥ ಸೊಗಸಾದ ಚಿತ್ರ! ಆಮೇಲೆ ಅದನ್ನು ಉಸಿರುಗಟ್ಟಿಸಿ ಕೊಲ್ಲುತ್ತಾರೆ. ಲಕ್ಷ್ಮೀಶನ ಜೈಮಿನಿ ಭಾರತ ಇಡೀ ನಡೆಯುವುದು ಇಂಥ ಒಂದು ಕುದುರೆಯ ಹಿಂದೆ. ಗಮಕ ಕೇಳಿ ಬೆಳೆದವರಿಗೆ ಕುದಿಯುವ ಎಣ್ಣೆಯಲ್ಲಿ ನಿಂತ ಸುಧನ್ವ ಗೊತ್ತು, ಬಭ್ರುವಾಹನ ಗೊತ್ತು, ಚಂದ್ರಹಾಸ ಗೊತ್ತು. ಅವರೆಲ್ಲರನ್ನು ಕಥೆಯೊಳಕ್ಕೆ ಎಳೆದು ತಂದ ಕುದುರೆ ರಾತ್ರಿ ಎಲ್ಲಿ ನೀರು ಕುಡಿಯಿತು, ಅದರ ಮೈ ಯಾರು ಒರೆಸಿದರು ಎಂದು ಯಾರೂ ಕೇಳಿದ್ದು ನನಗೆ ನೆನಪಿಲ್ಲ.

ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಶಾಲೆಯ ಮಕ್ಕಳನ್ನು ಪ್ರವಾಸ ಕರೆದುಕೊಂಡು ಹೋದಾಗಲೆಲ್ಲ ಅಲ್ಲಿಯ ಪಶ್ಚಿಮದ ಗೋಡೆಯ ಮುಂದೆ ನಿಲ್ಲಿಸುತ್ತಿದ್ದೆ. 1780ರ ಪೊಳ್ಳಿಲೂರು ಯುದ್ಧದ ಚಿತ್ರ, ಗೋಡೆ ತುಂಬ ಕುದುರೆಗಳು. "ಇದರಲ್ಲಿ ಹುಲ್ಲು ತಿನ್ನುವ ಕುದುರೆ ಹುಡುಕಿ" ಎಂದರೆ ಮಕ್ಕಳು ಬಹಳ ಹೊತ್ತು ಹುಡುಕುತ್ತಿದ್ದರು. ಒಬ್ಬರಿಗೂ ಸಿಗಲಿಲ್ಲ. ನಮ್ಮ ವೀರಗಲ್ಲುಗಳ ಕುದುರೆಗಳೂ ಹಾಗೆಯೇ, ಮುಂಗಾಲು ಎತ್ತಿಯೇ ಇರುತ್ತವೆ. ಚಿತ್ರಕಾರ ಎಂ.ಎಫ್. ಹುಸೇನರ ಕುದುರೆಗಳಿಗಂತೂ ನಿಲ್ಲಲು ಪುರುಸೊತ್ತೇ ಇಲ್ಲ.

ಆದರೆ ಒಂದು ಕಡೆ ನಿಂತಿವೆ. ಗೀತೋಪದೇಶದ ಕ್ಯಾಲೆಂಡರ್ ಎಲ್ಲರ ಮನೆಯಲ್ಲೂ ನೋಡಿದ್ದೇವೆ. ಕೃಷ್ಣ ಹಿಂದಕ್ಕೆ ತಿರುಗಿ ಮಾತಾಡುತ್ತಿದ್ದಾನೆ, ಬಿಳಿಯ ಕುದುರೆಗಳು ತಮಗೂ ಇದಕ್ಕೂ ಸಂಬಂಧವಿಲ್ಲ ಅನ್ನುವಂತೆ ಎದುರು ನೋಡುತ್ತಿವೆ. ಅದೇ ಕೃಷ್ಣ, ಅದೇ ಕುದುರೆಗಳು ಇರುವ ಇನ್ನೊಂದು ಪ್ರಸಂಗ ದ್ರೋಣಪರ್ವದಲ್ಲಿದೆ. ಯುದ್ಧದ ಹದಿನಾಲ್ಕನೆಯ ದಿನ. ಹೊತ್ತು ಮುಳುಗುವುದರೊಳಗೆ ಜಯದ್ರಥನನ್ನು ಕೊಲ್ಲುತ್ತೇನೆ, ಇಲ್ಲವಾದರೆ ಬೆಂಕಿಗೆ ಬೀಳುತ್ತೇನೆ ಎಂದು ಅರ್ಜುನ ಮಾತು ಕೊಟ್ಟಿದ್ದಾನೆ. ಜಯದ್ರಥ ಇನ್ನೂ ದೂರ. ಕುದುರೆಗಳು ಬಾಣ ತಿಂದು ಬಳಲಿವೆ, ಬಾಯಾರಿವೆ. ಪ್ರತಿಯೊಂದು ಗಳಿಗೆಗೂ ಬೆಲೆಯಿರುವ ಆ ದಿನ ರಥ ನಿಲ್ಲುತ್ತದೆ. ಅರ್ಜುನ ನೆಲಕ್ಕಿಳಿದು ಶತ್ರುಗಳನ್ನು ತಡೆಯುತ್ತಾನೆ, ಬಾಣ ಬಿಟ್ಟು ನೆಲ ಸೀಳಿ ಕೊಳ ಮಾಡುತ್ತಾನೆ, ಬಾಣಗಳಿಂದಲೇ ಒಂದು ಮನೆ ಕಟ್ಟುತ್ತಾನೆ. ಕೃಷ್ಣ ನೊಗ ಬಿಚ್ಚುತ್ತಾನೆ. ಚುಚ್ಚಿಕೊಂಡಿದ್ದ ಬಾಣಗಳನ್ನು ತನ್ನ ಕೈಯಿಂದಲೇ ಕಿತ್ತು, ಮೈ ತಿಕ್ಕಿ, ಅಡ್ಡಾಡಿಸಿ, ನೀರು ಕುಡಿಸುತ್ತಾನೆ. ಅವು ಮಿಂದು, ತಿಂದು, ಸುಧಾರಿಸಿಕೊಂಡ ಮೇಲೆಯೇ ಮತ್ತೆ ಕಟ್ಟುತ್ತಾನೆ. ಸುತ್ತ ಸೈನ್ಯ ಬಾಯಿ ಬಿಟ್ಟುಕೊಂಡು ನೋಡುತ್ತದೆ.

ಇಲ್ಲಿ ಪವಾಡ ಮಾಡಿದ್ದು ಮನುಷ್ಯ, ಚಾಕರಿ ಮಾಡಿದ್ದು ದೇವರು. ವ್ಯಾಸರು ಕೃಷ್ಣನನ್ನು ಈ ಜಾಗದಲ್ಲಿ ಮೆಚ್ಚುವುದು ಕುದುರೆಯ ಕೆಲಸ ಬಲ್ಲವನೆಂದು. ವಿಶ್ವರೂಪ ಬರೆದ ಕಲಾವಿದರಿಗೆ ಲೆಕ್ಕವಿಲ್ಲ; ಈ ಪ್ರಸಂಗದ ಒಂದು ಕ್ಯಾಲೆಂಡರ್ ನಾನು ಇವತ್ತಿನ ತನಕ ಕಂಡಿಲ್ಲ. ದೇವರ ಅಂಗೈಯಲ್ಲಿ ಚಕ್ರ ಇರಲಿ, ಕೊಳಲು ಇರಲಿ, ನಮಗೆ ಒಪ್ಪಿಗೆ. ಕುದುರೆಯ ನೊರೆ ಮೆತ್ತಿಕೊಂಡಿರುವುದು ಒಪ್ಪಿಗೆಯಿಲ್ಲ.

ಇದನ್ನು ಹೇಳಿದಾಗ ಭಾವನವರು ಸುಲಭಕ್ಕೆ ಬಿಡಲಿಲ್ಲ. "ಅದೂ ಯುದ್ಧಕ್ಕೇ ತಾನೆ? ಮತ್ತೆ ಓಡಿಸ್ಬೇಕಲ್ಲ, ಅದಕ್ಕೆ ನೀರು ಕುಡಿಸ್ದ. ಕಾರಿಗೆ ಪೆಟ್ರೋಲ್ ಹಾಕ್ದಂಗೆ." ಒಳ್ಳೆಯ ಪ್ರಶ್ನೆ. ನಮ್ಮ ಲೈನ್‌ಮನೆಯ ಆಳು ಶುಕ್ರವಾರ ಹೆಚ್ಚು ಹೊತ್ತು ಮೈ ತಿಕ್ಕುವುದು ಕೂಡ ಶನಿವಾರ ಗಿರಾಕಿ ಬರುತ್ತಾರೆಂದೇ. ಉಪಯೋಗಕ್ಕಾಗಿ ತೋರಿಸುವ ಅಕ್ಕರೆ ಅಕ್ಕರೆಯೇ?

ಈ ಪ್ರಶ್ನೆಯನ್ನು ಬಣ್ಣದಲ್ಲಿ ಕೇಳಿದವನು ಇಂಗ್ಲೆಂಡಿನ ಜಾರ್ಜ್ ಸ್ಟಬ್ಸ್. 1724ರಲ್ಲಿ ಹುಟ್ಟಿ 1806ರಲ್ಲಿ ತೀರಿಕೊಂಡವನು. ಚರ್ಮದ ವ್ಯಾಪಾರ ಮಾಡುತ್ತಿದ್ದವರ ಮಗ. ಸತ್ತ ಕುದುರೆಗಳನ್ನು ತೂಗುಹಾಕಿ, ಪದರ ಪದರವಾಗಿ ಕೊಯ್ದು ನೋಡಿ, ಕುದುರೆಯ ಅಂಗರಚನೆಯ ಪುಸ್ತಕವನ್ನು 1766ರಲ್ಲಿ ಪ್ರಕಟಿಸಿದವನು. 1799ರಲ್ಲಿ ನ್ಯೂಮಾರ್ಕೆಟ್‌ನ ಒಂದು ಪಂದ್ಯದಲ್ಲಿ ಹ್ಯಾಂ‌ಬಲ್‌ಟೋನಿಯನ್ ಎಂಬ ಕುದುರೆ ಕೂದಲೆಳೆಯಲ್ಲಿ ಗೆದ್ದಿತು. ಚಾಟಿ ತಿಂದು, ಹಿಮ್ಮಡಿ ಮುಳ್ಳಿನ ತಿವಿತ ತಿಂದು ಗೆದ್ದ ಗೆಲುವು. ಸ್ಟಬ್ಸ್ ಅದನ್ನು ದೊಡ್ಡದಾಗಿ ಬರೆದ, ಮೂರೂವರೆ ಮೀಟರಿಗಿಂತ ಅಗಲ. ಆದರೆ ಆ ದೊಡ್ಡ ಚಿತ್ರದಲ್ಲಿ ಗೆಲುವೇ ಇಲ್ಲ. ಓಟ ಮುಗಿದಿದೆ, ಕುದುರೆಗೆ ನಿಲ್ಲಲಾಗುತ್ತಿಲ್ಲ, ಲಾಯದ ಹುಡುಗ ಬಟ್ಟೆ ಹಿಡಿದು ಅದರ ಮೈ ಒರೆಸಲು ನಿಂತಿದ್ದಾನೆ, ಇನ್ನೊಬ್ಬ ಲಗಾಮು ಹಿಡಿದಿದ್ದಾನೆ. ಇಬ್ಬರೂ ಕುದುರೆಯನ್ನು ನೋಡುತ್ತಿಲ್ಲ, ಚಿತ್ರದ ಹೊರಗೆ ನಿಂತ ನಮ್ಮನ್ನು ನೋಡುತ್ತಿದ್ದಾರೆ. ಪುಸ್ತಕದಲ್ಲಿ ಅಂಗೈಯಗಲ ಅಚ್ಚಾಗಿದ್ದನ್ನು ನೋಡಿಯೇ ನನಗೆ ನಾಚಿಕೆಯಾಯಿತು. ಹುಡುಗನ ಕೈಯಲ್ಲಿ ಅಕ್ಕರೆಯಿಲ್ಲ ಎಂದು ಯಾರೂ ಹೇಳಲಾರರು. ಅದು ಯಾವುದರ ನಂತರ ಬಂದ ಅಕ್ಕರೆ ಎಂದು ಕುದುರೆಯ ಮೈ ಹೇಳುತ್ತದೆ. ಸ್ಟಬ್ಸ್ ಎರಡನ್ನೂ ಬಿಡದೆ ಬರೆದ.

ಭಾವನವರಿಗೆ ನನ್ನ ಉತ್ತರ ಇದು. ಉಪಯೋಗ ಬೆರೆತ ಅಕ್ಕರೆ ಸುಳ್ಳಾಗುವುದಿಲ್ಲ. ಆದರೆ ಅದು ದಾನವೂ ಅಲ್ಲ, ಪೂಜೆಯೂ ಅಲ್ಲ. ಅದು ಋಣ. ಬೆನ್ನು ಬಳಸಿಕೊಂಡವನು ಕಾಲಿನ ಸಾಲ ತೀರಿಸಬೇಕು. ಹುಟ್ಟಿದ ಮನುಷ್ಯನ ಮೇಲೆ ದೇವಋಣ, ಋಷಿಋಣ, ಪಿತೃಋಣ ಇವೆ ಎಂದು ಶಾಸ್ತ್ರ ಹೇಳುತ್ತದೆ. ಕೊಟ್ಟಿಗೆಯ ಋಣ ಆ ಪಟ್ಟಿಯಲ್ಲಿಲ್ಲ. ದಿನವೂ ಪ್ರಾಣಿಗಳಿಗೆ ಒಂದು ತುತ್ತು ಎತ್ತಿಡುವ ಭೂತಯಜ್ಞ ಅದರ ಹತ್ತಿರ ಬರುತ್ತದೆ, ಅಷ್ಟೇ. ಸಾಲ ತೀರಿಸುವವನಿಗೆ ಪುಣ್ಯ ಬರುವುದಿಲ್ಲ, ತೀರಿಸದಿದ್ದರೆ ಪಾಪ ಬರುತ್ತದೆ. ಲೆಕ್ಕ ನಿಷ್ಠುರವಾದದ್ದು. ಕುದುರೆಗೆ ಕ್ಷೇಮ ಇರುವುದು ಈ ನಿಷ್ಠುರ ಲೆಕ್ಕದಲ್ಲಿಯೇ, ಭಕ್ತಿಯಲ್ಲಲ್ಲ. ಭಕ್ತಿ ಒಂದು ದಿನ ಉಕ್ಕುತ್ತದೆ, ಇನ್ನೊಂದು ದಿನ ಇಳಿಯುತ್ತದೆ. ಗೊರಸು ದಿನವೂ ಕೆಸರಾಗುತ್ತದೆ.

ಇದೇ ಭಾವ ಇಸ್ಲಾಮಿನ ಒಂದು ಹದೀಸಿನಲ್ಲಿ ಇನ್ನೂ ಖಾರವಾಗಿ ಬಂದಿದೆ. ಇಮಾಮ್ ಮಾಲಿಕರ ಮುವತ್ತಾ ಸಂಗ್ರಹದಲ್ಲಿರುವುದು. ಪ್ರವಾದಿ ಮುಹಮ್ಮದರು ತಮ್ಮ ಮೇಲುಹೊದಿಕೆಯಿಂದ ತಮ್ಮ ಕುದುರೆಯ ಮುಖ ಒರೆಸುತ್ತಿದ್ದರಂತೆ. ಯಾಕೆಂದು ಕೇಳಿದವರಿಗೆ ಅವರು ಕೊಟ್ಟ ಕಾರಣ: ಕುದುರೆಯ ವಿಷಯದಲ್ಲಿ ರಾತ್ರಿ ತಮ್ಮನ್ನು ಆಕ್ಷೇಪಿಸಲಾಯಿತು. ಯಾವ ತಪ್ಪಿಗೆ ಎಂಬ ವಿವರಣೆ ಇಲ್ಲ. ಕುದುರೆಯ ಪರವಾಗಿ ಮೇಲಿನಿಂದ ದೂರು ಬಂದಿದೆ. ಪ್ರವಾದಿಯಾದರೂ ಬೆಳಿಗ್ಗೆ ಎದ್ದು ಮುಖ ಒರೆಸಬೇಕು. ಮೈಸೂರಿನಲ್ಲಿ ಡ್ರಾಯಿಂಗ್ ಮಾಸ್ಟರ್ ಕೋರ್ಸ್ ಓದುವಾಗ ಅರಮನೆಯ ಸುತ್ತ ನಿಲ್ಲುತ್ತಿದ್ದ ಟಾಂಗಾಗಳನ್ನು ಬರೆಯುತ್ತಿದ್ದೆ. ಒಬ್ಬರು ವಯಸ್ಸಾದ ಸಾಬರು ತಮ್ಮ ಬುತ್ತಿ ಬಿಚ್ಚುವ ಮೊದಲು ಕುದುರೆಯ ಬಾಯಿಗೆ ಹುರುಳಿಯ ಚೀಲ ಕಟ್ಟುತ್ತಿದ್ದರು. "ಯಾಕೆ ಸಾಬ್ರೇ, ಮೊದಲು ನೀವು ಊಟ ಮಾಡಬಾರದಾ?" ಎಂದರೆ, "ಅದು ಕೇಳಲ್ಲವಲ್ಲಮ್ಮಾ, ನಾನಾದ್ರೆ ಕೇಳ್ತೀನಿ" ಎಂದಿದ್ದರು. ಆಗ ನನ್ನ ಗಮನ ಗಾಡಿಯ ಚಕ್ರ ದುಂಡಗೆ ಬರುವುದರ ಮೇಲಿತ್ತು.

ಭಾವನವರ ಪರವಾಗಿ ಒಂದು ಸಾಕ್ಷಿಯನ್ನು ನಾನೇ ಕೊಡಬೇಕು. ಮದ್ದೂರಿನ ಕಡೆಯ ಆತಕೂರಿನಲ್ಲಿ ಸಿಕ್ಕಿದ ಶಾಸನ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧ ನಡೆದ ಕಾಲದ್ದು, ಕ್ರಿ.ಶ. 949-50. ಮಣಲೆರ ಎಂಬ ವೀರ ತನ್ನ ಸಾಹಸಕ್ಕೆ ಮೆಚ್ಚಿಕೆಯಾಗಿ ಕೇಳಿ ಪಡೆದದ್ದು ಊರಲ್ಲ, ಹೊನ್ನಲ್ಲ. ಕಾಳಿ ಎಂಬ ನಾಯಿಯನ್ನು. ಆ ಕಾಳಿ ಕಾಡುಹಂದಿಯ ಜೊತೆ ಹೋರಾಡಿ ಅದನ್ನೂ ಕೊಂದು ತಾನೂ ಸತ್ತಿತು. ಚಲ್ಲೇಶ್ವರ ದೇವಾಲಯದ ಮುಂದೆ ನಾಯಿಗೆ ಕಲ್ಲು ನಿಲ್ಲಿಸಿದರು, ಭೂಮಿ ಬಿಟ್ಟರು. ಅಲ್ಲಿಯ ಗೊರವ ಆ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ ಅವನಿಗೆ ಪಾಪ ಎಂದೂ ಬರೆಸಿದರು. ಇಲ್ಲಿ ಪೂಜೆಯೂ ಋಣವೂ ಒಂದೇ ಕಲ್ಲಿನಲ್ಲಿವೆ. ನಮ್ಮ ಕೊಡಗಿನ ದೇವರಕಾಡುಗಳಲ್ಲಿ ಬೇಟೆಯ ಅಯ್ಯಪ್ಪನಿಗೆ ಹರಕೆಯಾಗಿ ಒಪ್ಪಿಸಿದ ಮಣ್ಣಿನ ನಾಯಿಗಳ ಸಾಲಿದೆ; ಅದರಲ್ಲಿ ಎಷ್ಟು ಭಕ್ತಿ, ಜೊತೆಗೆ ಓಡಿದ ನಾಯಿಯ ನೆನಪು ಎಷ್ಟು ಎಂದು ಬೇರೆ ಮಾಡಿ ಹೇಳಲು ನನಗಾಗದು. ಆದರೂ ನೋಡಿ, ಕಾಳಿಗೆ ಪೂಜೆ ಸಿಕ್ಕಿದ್ದು ಸತ್ತ ಮೇಲೆ. ಅದಕ್ಕೆ ಬದುಕಿದ್ದಾಗ ಅನ್ನ ಹಾಕಿದ ಕೈ ಯಾರದು? ಶಾಸನಕ್ಕೆ ಅದು ಬೇಕಾಗಿಲ್ಲ.

ಕಾಯಕದ ಮಾತೂ ಬಂತು. ಭಾವನವರೇ ಎತ್ತಿದರು: ತುರುಗಾಹಿ ರಾಮಣ್ಣನಿಗೆ ದನ ಕಾಯುವುದೇ ಕಾಯಕವಾಗಿರಲಿಲ್ಲವೇ, ಆಯ್ದಕ್ಕಿ ಮಾರಯ್ಯನಿಗೆ ಅಕ್ಕಿ ಆಯುವುದು? ಹೌದು. ಆದರೆ ಶರಣರು ಕಾಯಕಕ್ಕೆ ಲಿಂಗಪೂಜೆಯಷ್ಟು ಬೆಲೆ ಕೊಟ್ಟದ್ದು ಅದನ್ನು ಹೊಗಳುವುದಕ್ಕಲ್ಲ, ತಪ್ಪಿಸಿಕೊಳ್ಳುವ ದಾರಿ ಮುಚ್ಚುವುದಕ್ಕೆ ಎಂದು ನಾನು ತಿಳಿದಿದ್ದೇನೆ. ಪೂಜೆಯ ನೆಪ ಹೇಳಿಯೂ ದನ ಕಾಯುವುದನ್ನು ಬಿಡುವ ಹಾಗಿಲ್ಲ. ಇಷ್ಟಕ್ಕೆ ಅವರೂ ತಲೆಯಾಡಿಸಿದರು, ಚಿತ್ರವನ್ನು ಮಾತ್ರ ಒಪ್ಪಲಿಲ್ಲ. ಅದು ಅವರ ಹಕ್ಕು.

ಚಿತ್ರಕ್ಕೆ ಇನ್ನೊಂದು ಆಕ್ಷೇಪಣೆ ಕುದುರೆಯ ಯಜಮಾನರಿಂದ ಬಂತು. ಅತಿಥಿಗಳು ಕೂರುವ ಹಾಲ್‌ನಲ್ಲಿ ಹಾಕುತ್ತೇನೆ, ಒಳ್ಳೆಯ ಬೆಲೆ ಕೊಡುತ್ತೇನೆ, ಕಂಬಕ್ಕೆ ಕಟ್ಟಿದ ಆ ಹಗ್ಗ ಒಂದು ತೆಗೆದುಬಿಡಿ ಮೇಡಂ, ನೋಡಿದವರಿಗೆ ಪಾಪ ಅನ್ನಿಸುತ್ತೆ ಎಂದರು. ತೆಗೆಯಲಿಲ್ಲ. ಹಗ್ಗ ತೆಗೆದರೆ ಆ ಮನುಷ್ಯ ಪ್ರೀತಿಯಿಂದ ಕುದುರೆಯ ಸೇವೆ ಮಾಡುವ ಮಹಾತ್ಮನಾಗಿಬಿಡುತ್ತಾನೆ, ಕುದುರೆ ಅವನನ್ನು ಹುಡುಕಿಕೊಂಡು ಬಂದ ಗೆಳತಿಯಾಗಿಬಿಡುತ್ತದೆ. ಅವರಿಬ್ಬರ ಮಧ್ಯೆ ಗೆಳೆತನ ಇಲ್ಲವೆಂದಲ್ಲ. ಅದು ಹಗ್ಗ ಇರುವ ಗೆಳೆತನ. ಹಾಗೆ ಇರುವುದನ್ನು ಹಾಗೇ ಬರೆಯುವುದು ಚಿತ್ರ ಬರೆಯುವವಳ ಪಾಲಿನ ಋಣ.

ಗೆಳೆತನ ಇದೆ ಎಂದು ಹೇಳಲು ನನ್ನ ಹತ್ತಿರ ಒಂದು ಪುರಾವೆಯಿದೆ. ಜೂಲು ಮುಗಿದು ಬೆನ್ನು ಶುರುವಾಗುವ ಜಾಗದಲ್ಲಿ ಕೆರೆದರೆ ಕುದುರೆಗೆ ಎಲ್ಲಿಲ್ಲದ ಸುಖ. ಕುತ್ತಿಗೆ ಉದ್ದ ಮಾಡುತ್ತದೆ, ಕಣ್ಣು ಅರ್ಧ ಮುಚ್ಚುತ್ತದೆ, ಮೇಲ್ದುಟಿಯನ್ನು ಹಾಸ್ಯಗಾರನ ಹಾಗೆ ಮುಂದಕ್ಕೆ ಚಾಚಿ ನಡುಗಿಸುತ್ತದೆ. ಕುದುರೆಗಳು ಹಿಂಡಿನಲ್ಲಿದ್ದಾಗ ಎರಡೆರಡು ಎದುರುಬದುರಾಗಿ ನಿಂತು ಇದೇ ಜಾಗವನ್ನು ಪರಸ್ಪರ ಹಲ್ಲಿನಿಂದ ಕೆರೆದುಕೊಳ್ಳುತ್ತವೆ. ಆಗ ಅವುಗಳ ಎದೆಬಡಿತ ನಿಧಾನವಾಗುತ್ತದೆ ಎಂದು ಅಳೆದು ನೋಡಿದವರಿದ್ದಾರೆ. ನಮ್ಮ ಕುದುರೆ ಒಂಟಿ. ಸುತ್ತಮುತ್ತ ಅದರ ಜಾತಿಯದು ಇನ್ನೊಂದಿಲ್ಲ. ಆಳು ಅಲ್ಲಿ ಕೆರೆದಾಗ ಅದು ತಲೆ ತಿರುಗಿಸಿ ಅವನ ಬೆನ್ನಿಗೆ ಬಾಯಿ ಹಾಕುತ್ತದೆ. ಕಚ್ಚುವುದಕ್ಕಲ್ಲ, ತಾನೂ ಕೆರೆಯುವುದಕ್ಕೆ. ಪಡೆದದ್ದನ್ನು ಅಲ್ಲೇ ತೀರಿಸಬೇಕು ಎಂಬುದು ಕುದುರೆಯ ಧರ್ಮ. ಆದರೆ ಕುದುರೆಯ ಹಲ್ಲು ಮನುಷ್ಯನ ಚರ್ಮಕ್ಕೆ ಆಗುವುದಿಲ್ಲ. ಅವನು ಅಂಗಿ ಹರಿಯುತ್ತೆಂದು ಮೂತಿಯನ್ನು ಆಚೆ ನೂಕುತ್ತಾನೆ, "ಬೇಡ ಕಣವ್ವ, ಸುಮ್ನಿರು" ಎನ್ನುತ್ತಾನೆ. ಅದು ಸ್ವಲ್ಪ ತಡೆದು ಮತ್ತೆ ತಿರುಗುತ್ತದೆ.

ಈ ತಿರುಗುವಿಕೆಯನ್ನು ಬರೆಯುತ್ತಿದ್ದೇನೆ ಈಗ. ಅವನ ಒಂದು ಕೈ ಅದರ ಹೆಗಲ ಮೇಲೆ ಕೆರೆಯುತ್ತಿದೆ, ಇನ್ನೊಂದು ಕೈ ಮೂತಿಯನ್ನು ದೂಡುತ್ತಿದೆ. ಹಗ್ಗವೂ ಇದೆ. ನಾವು ಆರೈಕೆ ಮಾಡುವವರು, ಅದು ಮಾಡಿಸಿಕೊಳ್ಳುವುದು ಎಂದು ಎಷ್ಟು ಖಚಿತವಾಗಿ ಹೇಳಿಕೊಳ್ಳುತ್ತೇವೆ! ಅದರ ಲೆಕ್ಕದಲ್ಲಿ ತೀರಿಸಲು ಬಿಡದೆ ಇರುವವರು ನಾವೇ. ಭಾವನವರು ಮುಂದಿನ ಸಲ ಬಂದಾಗ ಇದನ್ನು ಏನನ್ನುತ್ತಾರೋ ನೋಡಬೇಕು. ಇದರಲ್ಲಿ ಯಾರೂ ಪೂಜೆಗೆ ಕೂತಿಲ್ಲ.

ಓದುವವರಲ್ಲಿ ನನ್ನದೊಂದು ಮನವಿ ಇದೆ. ರಜೆಯಲ್ಲಿ ಕೊಡಗಿಗೋ ಬೇರೆ ಎಲ್ಲಿಗೋ ಹೋಗುತ್ತೀರಿ, ಮಕ್ಕಳು ಕುದುರೆ ಸವಾರಿ ಬೇಕೆಂದು ಹಟ ಹಿಡಿಯುತ್ತಾರೆ. ಕೂರಿಸುವ ಮೊದಲು, ಕುದುರೆ ಹಿಡಿದವನಿಗೆ ಒಂದು ಕಾಲು ಎತ್ತಿ ತೋರಿಸಲು ಹೇಳಿ. ದಿನವೂ ಗೊರಸು ನೋಡುವವನಾದರೆ ಕುದುರೆ ತಕರಾರಿಲ್ಲದೆ ಕಾಲು ಕೊಡುತ್ತದೆ. ಜೀನಿನ ಕೆಳಗಿನ ಬಟ್ಟೆ ಎತ್ತಿ ಬೆನ್ನಿನಲ್ಲಿ ಹುಣ್ಣಿದೆಯೇ ನೋಡಿ. ಗೊರಸಿನಿಂದ ಕೊಳೆತ ವಾಸನೆ ಬಂದರೆ, ಬೆನ್ನು ಹಸಿಯಾಗಿದ್ದರೆ, ಮಗು ಎಷ್ಟು ಅತ್ತರೂ ಕೂರಿಸಬೇಡಿ, ಯಾಕೆ ಕೂರಿಸಲಿಲ್ಲವೆಂದು ಯಜಮಾನನಿಗೂ ಮಗುವಿಗೂ ಹೇಳಿ ಬನ್ನಿ.